ಮುಳ್ಳು ಸರಿಸಿ ಹೊಕ್ಕ ಊರು

ಹೋದ ವರ್ಷ ಆಷಾಢದ ಒಂದು ಮಂಗಳವಾರ ನಡೆದದ್ದು ಇದು. ಊರಿನ ಹೆಸರು ಬರೆಯುವುದಿಲ್ಲ. "ಬರೀರಿ ಮೇಡಂ, ಬ್ಯಾಡ ಅನ್ನಲ್ಲ. ಊರೆಸ್ರು ಮಾತ್ರ ಆಕ್ಬ್ಯಾಡ್ರಿ, ಆಮೇಲೆ ಟೀವಿಯೋರು ಮೈಕ್ ಇಡ್ಕಂಡು ಬಂದ್ಬುಡ್ತಾರೆ" ಎಂದು ಆ ಊರಿನ ಈರಕ್ಕ ಮೊದಲೇ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಪಾವಗಡ ತಾಲೂಕು, ಮಧುಗಿರಿ ಗಡಿಗೆ ಹತ್ತಿರ, ಹಿಂದೆ ಒಂದು ಬಂಡೆಗುಡ್ಡ, ಮುಂದೆ ಒಂದು ಕೆರೆ. ಇಷ್ಟು ಗೊತ್ತಿದ್ದರೆ ಸಾಕು.

ನಾನು ಮಧುಗಿರಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಮನೆಯಲ್ಲಿ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಪೇಟೆಯ ಒಂದು ಸಣ್ಣ ಪರಿಸರ ಸಂಘಕ್ಕೆ ಸೇರಿಕೊಂಡೆ. ಸಂಘ ಎಂದರೆ ಭಾರೀ ಏನಲ್ಲ. ಒಬ್ಬ ವಕೀಲರು, ಒಬ್ಬ ಹೋಮಿಯೋಪತಿ ಡಾಕ್ಟರು, ಸೈಕಲ್ ಅಂಗಡಿ ಇಟ್ಟಿರುವವರೊಬ್ಬರು, ನನ್ನಂಥ ಒಂದಿಬ್ಬರು ಮಾಜಿ ಮೇಡಂಗಳು. ಕೆರೆ ಒತ್ತುವರಿ, ಬಂಡೆ ಸಿಡಿಸುವುದು, ಬೋರ್‌ವೆಲ್ ನೀರಿನ ಫ್ಲೋರೈಡು ಇಂಥವಕ್ಕೆ ಅರ್ಜಿ ಹಾಕುವುದು, ಕಚೇರಿ ಅಲೆಯುವುದು ನಮ್ಮ ಕೆಲಸ. "ಮೊದಲು ಮಕ್ಕಳನ್ನ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ, ಈಗ ಆಫೀಸರುಗಳನ್ನ ನಿಲ್ಲಿಸೋಕೆ ಹೊರಟಿದ್ದೀಯ" ಎಂದು ನಮ್ಮ ಯಜಮಾನರು ನಗುತ್ತಾರೆ.

ಈ ಪುಟಾಣಿ ಸಂಘ ಹೇಗೋ ಒಂದು ದೊಡ್ಡ ಒಕ್ಕೂಟದ ಬಾಲ ಹಿಡಿದಿತ್ತು. ಗಣಿ, ಕ್ವಾರಿ, ಅಣೆಕಟ್ಟುಗಳಿಂದ ಊರು ಕಳೆದುಕೊಂಡವರು, ಕಳೆದುಕೊಳ್ಳುವ ಭಯದಲ್ಲಿರುವವರು ನಾನಾ ದೇಶಗಳಿಂದ ಸೇರಿ ಕಟ್ಟಿಕೊಂಡ ಒಕ್ಕೂಟ ಅದು. ತಿಂಗಳಿಗೊಮ್ಮೆ ಕಂಪ್ಯೂಟರಿನಲ್ಲಿ ಎಲ್ಲರೂ ಮುಖ ತೋರಿಸಿ ಮಾತಾಡುತ್ತಿದ್ದೆವು. ದಕ್ಷಿಣ ಅಮೆರಿಕದ ಯಾವುದೋ ಬೆಟ್ಟದವರು ಮಾತಾಡುವಾಗ ಅವರ ಹಿಂದೆ ಕೋಳಿ ಕೂಗುತ್ತಿತ್ತು, ನಾನು ಮಾತಾಡುವಾಗ ನನ್ನ ಹಿಂದೆ ಬಸ್‌ಸ್ಟ್ಯಾಂಡಿನ ಕಂಡಕ್ಟರು ಕೂಗುತ್ತಿದ್ದ. ಅಲ್ಲಿ ಎಲ್ಲರ ಬಾಯಲ್ಲೂ 'ಜಾಗತಿಕ ನ್ಯಾಯ' ಎಂಬ ಮಾತು. ಒಮ್ಮೆ ಈರಕ್ಕ, "ಅಂಗಂದ್ರೇನು ಮೇಡಂ?" ಎಂದು ಕೇಳಿದಳು. ಪಾಠ ಮಾಡುವ ಚಟ ನನಗೆ ಇನ್ನೂ ಬಿಟ್ಟಿಲ್ಲ ನೋಡಿ, ಸರಿಯಾಗಿ ಒಂದು ಪೀರಿಯಡ್ ತೆಗೆದುಕೊಂಡು ವಿವರಿಸಿದೆ. ಆಕೆ ಆಕಳಿಸಿ, "ಆಯ್ತು ಬುಡಿ, ಕಾಪಿ ಕುಡೀರಿ" ಎಂದಳು.

ಈರಕ್ಕ ಆ ಊರಿನ ಮಹಿಳಾ ಸಂಘದ ಮುಖ್ಯಸ್ಥೆ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ಗಂಟಲು ಮಾತ್ರ ನನ್ನದಕ್ಕಿಂತ ದೊಡ್ಡದು. ಅವರೂರಿನ ಗುಡ್ಡದ ಮೇಲೆ ಒಂದು ಕ್ವಾರಿ ಕಂಪನಿಯ ಕಣ್ಣು ಬಿದ್ದಿತ್ತು. ಬಂಡೆ ಸಿಡಿಸಿದರೆ ಗುಡ್ಡದ ಕೆಳಗಿನ ಮನೆಗಳಲ್ಲಿ ಯಾರೂ ಇರುವಂತಿಲ್ಲ. ಆ ಮನೆಗಳವರಿಗೆ ಹೈವೇ ಪಕ್ಕ ಹೊಸ ಲೇಔಟಿನಲ್ಲಿ ತಾರಸಿ ಮನೆ ಕಟ್ಟಿಸಿಕೊಡುತ್ತೇವೆ ಎಂದು ಕಂಪನಿಯವರು ಹೇಳಿದ್ದರು. ಗುಡ್ಡದ ಮೇಲಿನ ದೊಣೆಯಲ್ಲಿ ಕಡು ಬೇಸಿಗೆಯಲ್ಲೂ ನೀರಿರುತ್ತದೆ, ಕುರಿಗಳಿಗೆ ಅದೇ ಗತಿ. ಆದರೂ ಊರು ಎರಡು ಹೋಳಾಗಿತ್ತು. ಹೋಗೋಣ ಎನ್ನುವವರ ಮುಂದಾಳು ಈರಕ್ಕನ ಸ್ವಂತ ಮೈದುನ ರಾಮಾಂಜಿ. ಒಂದೇ ಅಂಗಳದ ಎರಡು ಮನೆಗಳ ನಡುವೆ ಮಾತು ನಿಂತಿತ್ತು. ಮುಂದಿನ ವಾರ ಗ್ರಾಮಸಭೆ. ಅಲ್ಲಿ ಊರವರು ಏನು ಹೇಳುತ್ತಾರೋ ಅದರ ಮೇಲೆ ಎಲ್ಲ ನಿಂತಿತ್ತು.

ಆ ಹೊತ್ತಿಗೆ ಸರಿಯಾಗಿ ಒಕ್ಕೂಟದ ಕಡೆಯಿಂದ ಇಂಗ್ರಿಡ್ ಬರುತ್ತಾರೆ ಎಂದು ಗೊತ್ತಾಯಿತು. ಜರ್ಮನಿಯವರು, ಎಪ್ಪತ್ತರ ಆಸುಪಾಸಿನ ಹೆಂಗಸು. ಅವರ ಊರನ್ನು ಕಲ್ಲಿದ್ದಲು ಗಣಿಗಾಗಿ ಪೂರ್ತಿ ಖಾಲಿ ಮಾಡಿಸಿ ಅಗೆದುಹಾಕಿದ್ದರಂತೆ. ಆಮೇಲೆ ಅವರು ಇಂಥ ಊರುಗಳಿಗೆ ಹೋಗಿ ತಮ್ಮ ಕಥೆ ಹೇಳುವುದನ್ನೇ ಕೆಲಸ ಮಾಡಿಕೊಂಡಿದ್ದರು. ನಾನು ಈರಕ್ಕನಿಗೆ ಫೋನು ಮಾಡಿ ಮಂಗಳವಾರ ಬರುತ್ತೇವೆ ಎಂದೆ. "ಬನ್ನಿ ಬನ್ನಿ, ನಾವೆಲ್ಲಾ ಒಂದ್ಕಡೇನೇ ಸಿಕ್ತೀವಿ" ಎಂದಳು. ಎಲ್ಲರೂ ಸಭೆಗೆ ಬಂದು ಕೂರುತ್ತಾರೆ ಎಂದು ನಾನು ತಿಳಿದುಕೊಂಡೆ. ಆಕೆ ಹೇಳಿದ್ದು ಸುಳ್ಳಲ್ಲ, ನಾನು ತಿಳಿದದ್ದು ಮಾತ್ರ ಬೇರೆ.

ಬೆಳಿಗ್ಗೆ ಸಿರಾದ ಅಕ್ರಂನ ಕಾರಿನಲ್ಲಿ ಮಧುಗಿರಿಯಿಂದ ಹೊರಟೆವು. ಅಕ್ರಂ ನನ್ನ ಹಳೆಯ ವಿದ್ಯಾರ್ಥಿ. ಅವನಿಗೆ ಇಂಗ್ಲಿಷು ಕಲಿಸಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಈಗ ಅವನು ಇಂಗ್ರಿಡ್‌ಗೆ, "ಯು ಸಿಟ್ ಫ್ರಂಟ್, ಗುಡ್ ಗಾಳಿ" ಎಂದ. ಆಕೆ ನಕ್ಕು ಮುಂದೆ ಕೂತರು. ಬೆಳ್ಳಿ ಕೂದಲು, ಮೊಣಕಾಲು ನೋವಿಗೆ ಒಂದು ಕೋಲು, ತೋಳು ಮುಚ್ಚುವ ಹತ್ತಿಯ ಅಂಗಿ. ದಾರಿಯುದ್ದಕ್ಕೂ ಬಂಡೆಗಳನ್ನು ನೋಡುತ್ತಿದ್ದರು.

"ನಿಮಗೊಂದು ಮಾತು ಹೇಳಬೇಕು" ಎಂದರು ಹಿಂದೆ ತಿರುಗಿ. "ನಾನು ಈ ಕಥೆಯನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಈಗ ಅದು ನನ್ನ ಬಾಯಿಂದ ಬರುತ್ತದೆ, ಒಳಗಿನಿಂದ ಬರುವುದಿಲ್ಲ. ಇದೇ ನನ್ನ ಕೊನೆಯ ಪ್ರಯಾಣ. ನಿಮ್ಮ ಜನಕ್ಕೆ ನನ್ನಿಂದ ಏನೂ ಉಪಯೋಗ ಆಗದಿದ್ದರೆ ಬೇಸರ ಮಾಡಿಕೊಳ್ಳಬೇಡಿ."

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸಿಟ್ಟು ಬಂತು. ಅಲ್ಲಾ, ಅಷ್ಟು ದೂರದಿಂದ ಬಂದು, ಸಭೆ ಗೊತ್ತಾದ ಮೇಲೆ ಹೀಗಾ ಹೇಳುವುದು? ಆದರೂ ಅತಿಥಿ. "ಪರವಾಗಿಲ್ಲ, ನಮ್ಮ ಈರಕ್ಕನ ಮುಂದೆ ಸತ್ತವರೂ ಮಾತಾಡುತ್ತಾರೆ" ಎಂದೆ.

ಊರ ದಾರಿಯಲ್ಲಿ ಪೈಪ್‌ಲೈನಿಗೆ ಅಗೆದಿದ್ದರು. ಅಕ್ರಂ ಕೆರೆ ಏರಿಯ ಮೇಲೆ ಕಾರು ತಿರುಗಿಸಿದ. ಏರಿ ಮುಗಿದು ಊರಿಗೆ ಇಳಿಯುವಲ್ಲಿ ದಾರಿಗೆ ಅಡ್ಡ ಜಾಲಿಮುಳ್ಳಿನ ಕೊಂಬೆಗಳು ಬಿದ್ದಿದ್ದವು. "ಯಾರೋ ಸೌದೆ ಗಾಡಿಯಿಂದ ಬೀಳ್ಸವ್ರೆ ಮೇಡಂ, ಹೋಶೇ ಇರಲ್ಲ ಇವ್ರಿಗೆ" ಎಂದು ಬೈದುಕೊಂಡು ಅಕ್ರಂ ಇಳಿದು, ಟವೆಲ್ಲು ಸುತ್ತಿದ ಕೈಯಲ್ಲಿ ಮುಳ್ಳನ್ನು ಪಕ್ಕಕ್ಕೆ ಎಳೆದುಹಾಕಿದ. "ನೀಟಾಗಿ ಎಳಿ, ಟೈರಿಗೆ ಚುಚ್ಚೀತು" ಎಂದು ನಾನೂ ಕಿಟಕಿಯಿಂದ ಉಪದೇಶ ಮಾಡಿದೆ.

ಊರೊಳಗೆ ಒಂದು ನರಪಿಳ್ಳೆ ಇಲ್ಲ.

ಶಾಲೆಯ ಮುಂದೆ ಸಭೆಗೆ ಶಾಮಿಯಾನ ಹಾಕಿರುತ್ತಾರೆ ಎಂದುಕೊಂಡಿದ್ದೆ, ಇರಲಿಲ್ಲ. ಮನೆಗಳಿಗೆಲ್ಲ ಬೀಗ. ಕೊಟ್ಟಿಗೆಯಲ್ಲಿ ದನ ಇಲ್ಲ, ಗೂಟ ಮಾತ್ರ. ಕೋಳಿ ಇಲ್ಲ. ಕಾರು ಕಂಡರೆ ಅಟ್ಟಿಸಿಕೊಂಡು ಬರುವ ನಾಯಿಗಳೂ ಇಲ್ಲ. ಮಾರಮ್ಮನ ಗುಡಿಯ ಬಾಗಿಲು ತೆರೆದಿತ್ತು, ಒಳಗೆ ಉತ್ಸವದ ಅಮ್ಮನೂ ಇರಲಿಲ್ಲ. ಈರಕ್ಕನಿಗೆ ಫೋನು ಮಾಡಿದೆ, ವ್ಯಾಪ್ತಿ ಪ್ರದೇಶದಲ್ಲಿಲ್ಲ ಎಂದಿತು. ಆಕೆಯ ಮನೆಗೆ ಹೋದರೆ ಅಲ್ಲೂ ಬೀಗ. ಅಂಗಳ ಮಾತ್ರ ಚೊಕ್ಕಟವಾಗಿ ಗುಡಿಸಿತ್ತು.

"ಹೊಲಕ್ಕೆ ಹೋಗಿರಬೇಕು" ಎಂದೆ ಇಂಗ್ರಿಡ್‌ಗೆ. ನನಗೇ ನಂಬಿಕೆ ಇರಲಿಲ್ಲ.

ಆಕೆ ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಒಂದೊಂದೇ ಮನೆಯ ಮುಂದೆ ನಿಂತು ನೋಡುತ್ತಾ ನಡೆದರು. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಗುಡ್ಡದ ಕೆಳಗಿನ ಕೊನೆಯ ಮನೆ ಮುಂದೆ ನಿಂತು, "ಯಾವಾಗ ಹೋದರು ಇವರು?" ಎಂದರು.

"ಬರುತ್ತಾರೆ, ಇಲ್ಲೇ ಎಲ್ಲೋ..."

"ಇಲ್ಲ ಸರೋಜಾ. ದನ ಕರೆದುಕೊಂಡು ಹೋದವರು ಸಂಜೆಗೆ ಬರುತ್ತಾರೆ. ಕೋಳಿಯನ್ನೂ ತೆಗೆದುಕೊಂಡು ಹೋದವರು ಬರುವುದಿಲ್ಲ."

ಕಂಪನಿಯವರು ಬಂದು ಏನಾದರೂ ಮಾಡಿದರಾ? ಹಾಗೆ ಒಂದೇ ದಿನದಲ್ಲಿ ಊರು ಎಬ್ಬಿಸಲು ಸಾಧ್ಯವೇ? ಈರಕ್ಕ ಒಂದು ಮಾತು ಹೇಳದೆ ಹೋದಾಳೇ? ಬುದ್ಧಿ ಒಂದು ಹೇಳುತ್ತಿತ್ತು, ಎದೆ ಇನ್ನೊಂದು ಹೇಳುತ್ತಿತ್ತು. ಅಷ್ಟರಲ್ಲಿ ಇಂಗ್ರಿಡ್ ಆ ಮನೆಯ ಜಗಲಿಯ ಮೇಲೆ ಕುಸಿದು ಕೂತರು. ಕೋಲು ಉರುಳಿ ಕೆಳಗೆ ಬಿತ್ತು. ಮುಖ ಮುಚ್ಚಿಕೊಂಡು ಅಳತೊಡಗಿದರು. ಸಣ್ಣಗೆ ಅಲ್ಲ, ಸತ್ತ ಮನೆಯಲ್ಲಿ ಅಳುವ ಹಾಗೆ.

ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಸ್ವಲ್ಪ ಹೊತ್ತಿನ ಮೇಲೆ ಅಂಗಳ ತೋರಿಸಿ ಹೇಳಿದರು. "ಗುಡಿಸಿದ್ದಾರೆ ನೋಡಿ. ನನ್ನ ಅಮ್ಮನೂ ಹೀಗೇ ಮಾಡಿದಳು. ಇನ್ನೊಂದು ವಾರಕ್ಕೆ ಯಂತ್ರ ಬಂದು ಮನೆ ಕೆಡವುತ್ತದೆ ಎಂದು ಗೊತ್ತಿತ್ತು. ಆದರೂ ಕೊನೆಯ ದಿನ ಮೆಟ್ಟಿಲು ಗುಡಿಸಿ, ಪೊರಕೆಯನ್ನು ಅದರ ಜಾಗದಲ್ಲೇ ಇಟ್ಟು ಹೊರಟಳು. ನಾನು ಯಾವ ಸಭೆಯಲ್ಲೂ ಇದನ್ನು ಹೇಳಿಲ್ಲ. ನನಗೆ ಮರೆತೇ ಹೋಗಿತ್ತು."

ನಾನು ಕೆಳಗೆ ಬಿದ್ದಿದ್ದ ಕೋಲನ್ನು ಎತ್ತಿ ಅವರ ಕೈಗೆ ಕೊಟ್ಟೆ. ಆಗ ಮೇಲಿನಿಂದ ಅಕ್ರಂನ ಕೂಗು ಕೇಳಿತು. ಅವನು ಸಿಗ್ನಲ್ ಹುಡುಕಿಕೊಂಡು ನೀರಿನ ಟ್ಯಾಂಕಿನ ಏಣಿ ಹತ್ತಿದ್ದ.

"ಮೇಡಂ! ಗುಡ್ಡದ ಮಗ್ಗುಲಲ್ಲಿ ಹುಣಸೆ ತೋಪಲ್ಲಿ ಹೊಗೆ! ದನ, ಕುರಿ, ಜನ ಎಲ್ಲಾ ಅಲ್ಲೇ ಅವ್ರೆ! ಊರಿಗೂರೇ ಪಿಕ್ನಿಕ್ ಮಾಡ್ತಾ ಐತೆ!"

ಆಗ ಹೊಳೆಯಿತು ನೋಡಿ ನನಗೆ. ಹಣೆ ಹಣೆ ಚಚ್ಚಿಕೊಂಡೆ. ಹೊರಬೀಡು!

ನಾನು ಕೊರಟಗೆರೆ ತಾಲೂಕಿನ ಚನ್ನರಾಯನದುರ್ಗದ ಮಗ್ಗುಲಲ್ಲಿ ಹುಟ್ಟಿ ಬೆಳೆದವಳು. ನಮ್ಮ ಕಡೆ ಇದು ಇರಲಿಲ್ಲ, ಬರೀ ಕೇಳಿದ್ದೆ. ಊರಿಗೆ ಕಾಯಿಲೆ ಕಸಾಲೆ, ಜಗಳ, ಮಳೆ ಹಿಂದಾಗುವುದು ಹೀಗೆ ಏನೋ ಸರಿಯಿಲ್ಲ ಎನ್ನಿಸಿದಾಗ ಹಿರಿಯರು ಒಂದು ದಿನ ಗೊತ್ತು ಮಾಡುತ್ತಾರೆ. ಅವತ್ತು ಹೊತ್ತು ಹುಟ್ಟುವ ಮುಂಚೆ ಇಡೀ ಊರು ಮನೆ ಬಿಟ್ಟು ಹೊರಗೆ ಹೋಗಬೇಕು. ಹಸುಗೂಸು, ಹಣ್ಣು ಮುದುಕರು, ದನ, ಕೋಳಿ, ನಾಯಿ, ಕೊನೆಗೆ ದೇವರೂ ಕೂಡ. ಊರ ದಾರಿಗಳಿಗೆ ಮುಳ್ಳು ಎಳೆಯುತ್ತಾರೆ. ಹೊರಗೇ ಅಡಿಗೆ, ಹೊರಗೇ ಊಟ. ಇವರಿಲ್ಲದ ಊರಿನಲ್ಲಿ ಬೇಸರ ಹಿಡಿದು ಕೆಡುಕು ತಾನಾಗಿ ಹೊರಟುಹೋಗುತ್ತದೆ ಎಂದು ನಂಬಿಕೆ. ಸಂಜೆ ಪೂಜೆ ಮಾಡಿ ಎಲ್ಲರೂ ಒಟ್ಟಿಗೆ ಹಿಂದಿರುಗುತ್ತಾರೆ. ಅಲ್ಲಿಯವರೆಗೆ ಯಾರೂ ಊರೊಳಗೆ ಕಾಲಿಡಬಾರದು. ಇಟ್ಟರೆ ಹೊರಬೀಡು ಕೆಟ್ಟ ಹಾಗೆ.

ನಾವು ಮುಳ್ಳು ಸರಿಸಿ ಕಾರು ಸಮೇತ ಒಳಗೆ ಬಂದು, ಜಗಲಿ ಮೇಲೆ ಕೂತು, ಗೋಳೋ ಎಂದು ಅತ್ತೂ ಆಗಿತ್ತು.

ಇಂಗ್ರಿಡ್‌ಗೆ ವಿಷಯ ಹೇಳಿದೆ. ಆಕೆ ನನ್ನ ಮುಖ ನೋಡಿ, "ಸಂಜೆಗೆ ವಾಪಸು ಬರುತ್ತಾರಾ? ಎಲ್ಲರೂ?" ಎಂದು ಮತ್ತೆ ಮತ್ತೆ ಕೇಳಿದರು. ಹೌದು ಎಂದು ಮತ್ತೆ ಮತ್ತೆ ಹೇಳಿದೆ. ಬಂದ ದಾರಿಯಲ್ಲೇ ಹೊರಗೆ ಹೋಗಿ, ಅಕ್ರಂ ಕೈ ಗೀರಿಸಿಕೊಂಡು ಮುಳ್ಳನ್ನು ಮೊದಲಿದ್ದಂತೆ ಎಳೆದ. ಗುಡ್ಡದ ಬುಡ ಬಳಸಿ ತೋಪಿಗೆ ಹೋದೆವು. ದಾರಿಯಲ್ಲಿ ನಾನು ಅಕ್ರಂಗೆ, "ಒಳಗೆ ಹೋಗಿದ್ವಿ ಅಂತ ಬಾಯಿ ಬಿಡಬೇಡ, ನಾನು ಸಮಯ ನೋಡಿ ಹೇಳ್ತೀನಿ" ಎಂದೆ. ಅವನು ತಲೆಯಾಡಿಸಿದ.

ತೋಪಿನ ತುಂಬ ಒಲೆಗಳು. ಮೂರು ಕಲ್ಲಿಟ್ಟು ಒಂದೊಂದು ಮನೆಯವರು ಒಂದೊಂದು ಮರದಡಿ. ಮಕ್ಕಳು ಕೊಂಬೆಗೆ ಹಗ್ಗ ಕಟ್ಟಿ ಜೀಕುತ್ತಿದ್ದವು. ಕೇರಿಗಳ ಒಲೆಗಳ ನಡುವೆ ಅಂತರ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೂ ಒಂದೇ ನೆರಳಿನಲ್ಲಿ ಊರಿಗೆ ಊರೇ ಇದ್ದದ್ದು ಕಣ್ಣಿಗೆ ಹಬ್ಬವಾಗಿತ್ತು. ಈರಕ್ಕ ಮುದ್ದೆ ಕೋಲು ಹಿಡಿದೇ ಓಡಿಬಂದಳು.

"ಬಂದ್ರಾ ಮೇಡಂ! ನೀವು ಪೋನ್ ಮಾಡೋಕ್ ಮುಂಚೇನೇ ಸಾರುಸ್ಬುಟ್ಟಿದ್ರು, ಇವತ್ತು ಹೊರಬೀಡು ಅಂತ. ಎಲ್ಲಾ ಒಂದ್ಕಡೇನೇ ಇರ್ತೀವಲ್ಲ, ಇಲ್ಲೇ ಮೀಟಿಂಗ್ ಆಗೋಯ್ತದೆ ಅಂತ ನಾನು... ಎಂಗ್ ಗೊತ್ತಾಯ್ತು ನಿಮ್ಗೆ ಜಾಗ?"

"ನೀರಿನ ಟ್ಯಾಂಕ್ ಹತ್ತಿ ನೋಡ್ದೆ ಅಕ್ಕಾ" ಎಂದ ಅಕ್ರಂ ಹೆಮ್ಮೆಯಿಂದ.

ನೀರಿನ ಟ್ಯಾಂಕು ಊರ ನಡುವೆ ಇದೆ. ಸುತ್ತಲಿನವರ ಸೌಟುಗಳು ನಿಂತವು. ನಾನು ಅಕ್ರಂನ ಕಡೆ ನೋಡಿದ ನೋಟಕ್ಕೆ ಅವನು ಎಂಟನೇ ಕ್ಲಾಸಿನ ಹುಡುಗನಾದ.

ಮೊದಲು ಎದ್ದವನು ರಾಮಾಂಜಿ. "ಊರು ಉಳ್ಸ್ತೀವಿ ಊರು ಉಳ್ಸ್ತೀವಿ ಅಂತ ಬಂದು, ಮುಳ್ ಕಿತ್ತು ಊರೊಳಕ್ಕೆ ಕಾರ್ ನುಗ್ಸವ್ರೆ ನೋಡ್ರಪ್ಪಾ ಸಂಘಟನೆಯೋರು! ನಮ್ ಊರ ಕಟ್ಟಳೆ ಗೊತ್ತಿಲ್ದೋರು ನಮ್ಗೆ ಏನ್ ಬುದ್ಧಿ ಹೇಳ್ತಾರೆ?" ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಒಬ್ಬಿಬ್ಬರು ಹೆಂಗಸರು, "ಬೆಳಗಿಂದ ಮಕ್ಕಳ್ನ ಕಟ್ಕಂಡು ಬಂದಿದ್ದೆಲ್ಲಾ ದಂಡ ಆಯ್ತಲ್ಲ" ಎಂದರು. ಮತ್ತೊಮ್ಮೆ ಮಾಡಬೇಕಾದರೆ ಮುಂದಿನ ಮಂಗಳವಾರ. ಗ್ರಾಮಸಭೆಯೂ ಅದೇ ವಾರ. ಇಷ್ಟು ದಿನ ಈರಕ್ಕ ಮನೆ ಮನೆ ತಿರುಗಿ ಸಂಪಾದಿಸಿದ ನಂಬಿಕೆ ನಮ್ಮಿಂದ ಒಂದು ಗಳಿಗೆಯಲ್ಲಿ ಹೋಗುವ ಹಾಗಿತ್ತು. ಆಕೆಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ತಡೀರಪ್ಪ" ಎಂದು ಒಂದು ಸಣ್ಣ ದನಿ ಕೇಳಿತು. ಮಾರಮ್ಮನ ಪೂಜಾರಿ ಹನುಮಂತರಾಯಪ್ಪ. ಹಣ್ಣಾದ ಮುದುಕರು, ಅಮ್ಮನ ಮೂರ್ತಿಯ ಪಕ್ಕ ಕಂಬಳಿ ಹಾಸಿ ಕೂತಿದ್ದರು. ನಮ್ಮನ್ನು ಹತ್ತಿರ ಕರೆದರು.

"ಆಯಮ್ಮ ಊರೊಳಗೆ ಏನು ಮಾಡಿದ್ಲು? ಬೆಂಕಿ ಹಚ್ಚಿದ್ಲಾ?"

"ಇಲ್ಲ."

"ನೀರು ಕುಡಿದ್ಲಾ? ಯಾರಾದ್ರೂ ಮನೆ ಹೊಸ್ಲು ದಾಟಿದ್ಲಾ?"

"ಇಲ್ಲ ಯಜಮಾನರೇ. ಜಗಲಿ ಮೇಲೆ ಕೂತು ಅತ್ತರು, ಅಷ್ಟೇ."

"ಅತ್ಲಾ? ಯಾತಕ್ಕೆ?"

ನಾನು ಇಂಗ್ರಿಡ್ ಕಡೆ ತಿರುಗಿದೆ. ಭಾಷಣ ಬರೆದುಕೊಂಡು ಬಂದಿದ್ದ ಕಾಗದ ಅವರ ಚೀಲದಲ್ಲೇ ಇತ್ತು. ಅದನ್ನು ತೆಗೆಯಲಿಲ್ಲ. ಮೊಣಕಾಲು ನೋವಿದ್ದರೂ ಕಂಬಳಿಯ ಅಂಚಿನಲ್ಲಿ ನೆಲದ ಮೇಲೆ ಕೂತರು. ಆಕೆ ಒಂದು ಮಾತು ಹೇಳುವುದು, ನಾನು ಕನ್ನಡದಲ್ಲಿ ಹೇಳುವುದು.

ನಮ್ಮೂರು ಸಣ್ಣದು ಎಂದರು. ಒಂದು ಚರ್ಚು, ಒಂದು ಬೇಕರಿ, ಸೇಬಿನ ಮರಗಳು. ನೆಲದ ಕೆಳಗೆ ಕಲ್ಲಿದ್ದಲು ಇದೆ, ದೇಶಕ್ಕೆ ಕರೆಂಟು ಬೇಕು ಎಂದರು. ಹೊಸ ಜಾಗದಲ್ಲಿ ಒಳ್ಳೆಯ ಮನೆ ಕೊಟ್ಟರು, ಸುಳ್ಳು ಹೇಳುವುದಿಲ್ಲ, ಹಳೆಯದಕ್ಕಿಂತ ಬೆಚ್ಚಗಿತ್ತು. ಆದರೆ ಎಲ್ಲರೂ ಒಟ್ಟಿಗೆ ಹೋಗಲಿಲ್ಲ. ಇವತ್ತು ಒಂದು ಮನೆ, ಮುಂದಿನ ತಿಂಗಳು ಇನ್ನೊಂದು. ಹೋಗುವವರು ಇರುವವರ ಮುಖ ನೋಡುತ್ತಿರಲಿಲ್ಲ. ಅಣ್ಣ ತಮ್ಮಂದಿರು ಮಾತು ಬಿಟ್ಟರು. ಸಂಜೆ ಕಿಟಕಿಯಲ್ಲಿ ನಿಂತರೆ ಬೀದಿಯಲ್ಲಿ ಒಂದೊಂದೇ ಮನೆಯ ದೀಪ ಕಡಿಮೆಯಾಗುತ್ತಾ ಬರುತ್ತಿತ್ತು. ಕೊನೆಗೆ ನಮ್ಮ ಮನೆ ಮತ್ತು ಎದುರು ಮನೆ ಎರಡೇ ಉಳಿದವು. ಆ ಮೇಲೆ ನಾವೂ ಹೊರಟೆವು. ಈಗ ಅಲ್ಲಿ ನಿಂತು ನೋಡಿದರೆ ಆಳವಾದ ಗುಂಡಿ, ಊರಿದ್ದ ಜಾಗ ಯಾವುದೆಂದು ತೋರಿಸಲೂ ಆಗುವುದಿಲ್ಲ.

"ಇವತ್ತು ನಿಮ್ಮ ಊರು ನೋಡಿ, ನೀವೂ ಹೋಗಿಬಿಟ್ಟಿರಿ ಎಂದುಕೊಂಡೆ" ಎಂದರು.

ಈ ಕೊನೆಯ ವಾಕ್ಯವನ್ನು ಹಿಂದೆ ಕೂತವರಿಗೂ ಕೇಳುವ ಹಾಗೆ ಕನ್ನಡದಲ್ಲಿ ಎರಡು ಸಲ ಹೇಳಿದೆ. ಮೂವತ್ತು ವರ್ಷ ಕ್ಲಾಸಿನಲ್ಲಿ ಕಿರುಚಿದ ಗಂಟಲು ನನ್ನದು.

"ನಿಮ್ಮೂರ ದೇವ್ರು ಏನಾದ?" ಎಂದು ಒಬ್ಬಾಕೆ ಕೇಳಿದಳು.

"ಚರ್ಚು ಕೆಡವಿದರು. ಗಂಟೆಯನ್ನು ಹೊಸ ಜಾಗಕ್ಕೆ ತಂದು ಕಟ್ಟಿದ್ದಾರೆ. ಅದು ಹೊಡೆದಾಗ ನಾನು ಕಿಟಕಿ ಮುಚ್ಚುತ್ತೇನೆ."

"ಬಿಳೇ ಜನುಕ್ಕೂ ಇಂಗ್ ಮಾಡ್ತಾರಾ?" ಎಂದು ಇನ್ನೊಬ್ಬಾಕೆ ತನ್ನಲ್ಲೇ ಹೇಳಿಕೊಂಡಳು. ಈರಕ್ಕ ಮುದ್ದೆ ಕೋಲು ಕೆಳಗಿಟ್ಟು ಬಂದು ಇಂಗ್ರಿಡ್‌ರ ಕಣ್ಣು ಒರೆಸಿದಳು. "ಏಡ್ವೊದ್ದು ತಲ್ಲಿ, ಏಡ್ವೊದ್ದು" ಎಂದಳು. ಆ ಕಡೆಯವರಿಗೆ ಸಮಾಧಾನ ಹೇಳುವಾಗ ತೆಲುಗೇ ಬಾಯಿಗೆ ಬರುತ್ತದೆ. ಅಳಬೇಡ ಎಂದದ್ದು ಇಂಗ್ರಿಡ್‌ಗೆ ನಾನು ಹೇಳದೆಯೇ ತಿಳಿಯಿತು.

ಎಲ್ಲರೂ ಹನುಮಂತರಾಯಪ್ಪನವರ ಮುಖ ನೋಡುತ್ತಿದ್ದರು. ಅವರು ಅಮ್ಮನ ಮೂರ್ತಿಯ ಕಡೆ ನೋಡಿದರು, ಇಂಗ್ರಿಡ್ ಕಡೆ ನೋಡಿದರು. ಎಲೆ ಅಡಿಕೆ ಉಗುಳಿ ಬಂದು ಕೂತು ಹೇಳಿದರು.

"ಹೊರಬೀಡು ಕೆಟ್ಟಿಲ್ಲ ಕಣ್ರಪ್ಪ. ಊರಾಗೆ ಇದ್ದೋರು ಒಳಗೆ ಹೋದ್ರೆ ದೋಸ. ಆಯಮ್ಮ ನಮಗಿಂತ ಎಷ್ಟೋ ವರ್ಸ ಮುಂಚೇನೇ ಹೊರಬೀಡು ಬಂದವ್ಳೆ. ಇನ್ನೂ ಒಳಕ್ಕೆ ಹೋಗಿಲ್ಲ, ಅಷ್ಟೇಯ. ಕರ್ಕಂಡ್ ಬಂದೋರು ಇಬ್ರೂ ಅವ್ಳ ಲೆಕ್ಕಕ್ಕೇ ಸೇರ್ತಾರೆ. ಸಂಜೆ ನಮ್ ಜೊತೆ ಬರ್ಲಿ ಬುಡು."

ರಾಮಾಂಜಿ ಟವೆಲ್ಲು ಕೊಡವಿ ತನ್ನ ಒಲೆಯ ಕಡೆ ಹೋದ. ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ಒಂದು ಬಟ್ಟಲು ಕೋಳಿ ಸಾರು ತಂದು ಇಂಗ್ರಿಡ್ ಮುಂದೆ ಇಟ್ಟು, "ಕಾರ ಕಮ್ಮಿ ಆಕಿದೀನಿ ಅಂತ ಹೇಳಿ ಮೇಡಂ" ಎಂದಳು. ಕಮ್ಮಿ ಎಂದರೆ ಪಾವಗಡದ ಲೆಕ್ಕದಲ್ಲಿ ಕಮ್ಮಿ. ಇಂಗ್ರಿಡ್‌ರ ಕಣ್ಣಲ್ಲಿ ಮತ್ತೆ ನೀರು ಬಂತು, ಈ ಸಲ ಕಾರಣ ಬೇರೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಅವರಿಗೆ ಮುದ್ದೆ ನುಂಗುವುದನ್ನು ಕಲಿಸಲು ಒಬ್ಬರಿಗಿಂತ ಒಬ್ಬರು ಮುಂದೆ ಬಂದರು. ಮಧ್ಯಾಹ್ನದ ಹೊತ್ತಿಗೆ ಅವರು ಎಲ್ಲರ ಬಾಯಲ್ಲಿ ಇಂಗ್ರಮ್ಮ ಆಗಿದ್ದರು.

ಹೊತ್ತು ಇಳಿಯಿತು. ತಮಟೆ ಮುಂದೆ, ಅಮ್ಮ ಹಿಂದೆ, ಅದರ ಹಿಂದೆ ಊರು. ಊರಬಾಗಿಲಿನಲ್ಲಿ ಮುಳ್ಳು ತೆಗೆದು, ನೆಲದ ಮೇಲೆ ಅಡ್ಡ ಒಂದು ಒನಕೆ ಇಟ್ಟಿದ್ದರು. ಹನುಮಂತರಾಯಪ್ಪ ಬೇವಿನ ಸೊಪ್ಪಿನಿಂದ ನೀರು ಚಿಮುಕಿಸುತ್ತಿದ್ದರು. ಒಬ್ಬೊಬ್ಬರೇ ಒನಕೆ ದಾಟಿ ಒಳಗೆ ಹೋಗಬೇಕು. ಇಂಗ್ರಿಡ್ ಅಲ್ಲಿಗೆ ಬಂದು ನಿಂತುಬಿಟ್ಟರು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಿದ್ದರು.

"ನಾನು ದಾಟಬಹುದಾ?" ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಈರಕ್ಕ ಅವರ ರಟ್ಟೆ ಹಿಡಿದಿದ್ದಳು. "ಬಾರಮ್ಮ, ದನ ಹಿಂದ್ಲಿಂದ ತಳ್ತವೆ" ಎಂದಳು. ಇಂಗ್ರಿಡ್ ಚಪ್ಪಲಿ, ಕೋಲು ನನ್ನ ಕೈಗೆ ಕೊಟ್ಟು, ನೋವಿನ ಕಾಲನ್ನು ಎರಡು ಕೈಯಿಂದ ಎತ್ತಿ ಒನಕೆಯ ಆಚೆ ಇಟ್ಟರು.

ಒಳಗೆ ಹೋದ ಮೇಲೆ ನಾನು ಕಂಡದ್ದು ಇನ್ನೊಂದು. ಪ್ರತಿಯೊಬ್ಬರೂ ತಮ್ಮ ಮನೆಯ ಬೀಗ ತೆಗೆದು, ಹೊಸ್ತಿಲ ಮುಂದೆ ನಿಂತು ಮನೆಯ ಜೊತೆ ಮಾತಾಡುತ್ತಿದ್ದರು. "ಬಂದ್ವಿ ಕಣಮ್ಮ, ಬಂದ್ವಿ" ಎಂದು. ಬೆಳಗಿನಿಂದ ಒಂಟಿಯಾಗಿದ್ದ ಮನೆಗೆ ಸಮಾಧಾನ ಹೇಳುವ ಹಾಗೆ. ಈರಕ್ಕನೂ ಹೇಳಿದಳು. ಇಂಗ್ರಿಡ್ ಅರ್ಥ ಕೇಳಿದರು. ಹೇಳಿದೆ. ಅವರು ತುಟಿಯಲ್ಲಿ ಆ ಮಾತನ್ನು ಒಂದೆರಡು ಸಲ ತಿರುಗಿಸಿ ನೋಡಿಕೊಂಡರು. ಒಲೆ ಹಚ್ಚಲು ಈರಕ್ಕ ಕಡ್ಡಿಪೆಟ್ಟಿಗೆಯನ್ನು ಅವರ ಕೈಗೇ ಕೊಟ್ಟಳು. "ಮನೆ ಮಗ್ಳು ಹಚ್ಲಿ" ಎಂದಳು.

ನಾವು ಹೊರಡುವಾಗ ಕತ್ತಲಾಗುತ್ತಿತ್ತು. ಇಂಗ್ರಿಡ್ ಕಾರು ಹತ್ತದೆ ಬೀದಿಯ ನಡುವೆ ನಿಂತಿದ್ದರು. ಒಂದು ಮನೆಯಲ್ಲಿ ದೀಪ ಹತ್ತಿತು. ಪಕ್ಕದ ಮನೆಯಲ್ಲಿ ಇನ್ನೊಂದು. ಗುಡ್ಡದ ಕೆಳಗಿನ ಸಾಲಿನಲ್ಲಿ, ಆ ಕೊನೆಯ ಮನೆಯಲ್ಲಿ ಕೂಡ. ಅದು ರಾಮಾಂಜಿಯ ಬೀಗರ ಮನೆಯಂತೆ. ರಾಮಾಂಜಿಯೂ ಅಲ್ಲೇ ಜಗಲಿ ಮೇಲೆ ಕೂತಿದ್ದ.

"ದೀಪಗಳು ಒಂದೊಂದೇ ಆರುವುದನ್ನು ನೋಡಿದ್ದೆ. ಹತ್ತುವುದನ್ನು ನೋಡಿರಲಿಲ್ಲ" ಎಂದರು ಇಂಗ್ರಿಡ್.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಈರಕ್ಕ, "ಮೇಡಂ, ಅವತ್ತು ನೀವು ಅಷ್ಟುದ್ದ ಹೇಳಿದ್ರಲ್ಲ, ಜಾಗತಿಕ ಅದೇನೋ ನ್ಯಾಯ, ಅದು ಇದೇನಾ?" ಎಂದಳು. ಇದೇ ಎಂದೆ. "ಇಷ್ಟೇ ಹೇಳ್ಬೋದಿತ್ತಲ್ಲ" ಎಂದಳು. ಆಕೆಗೆ ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯದೆ ಅಪ್ಪಿಕೊಂಡೆ.

ಗ್ರಾಮಸಭೆಯಲ್ಲಿ ಏನಾಯಿತು ಎಂದು ಎಲ್ಲರೂ ಕೇಳುತ್ತಾರೆ. ಮನೆ ಬಿಡುವುದಿಲ್ಲ ಎಂದು ಕೈ ಎತ್ತಿದವರೇ ಹೆಚ್ಚು. ರಾಮಾಂಜಿ ಯಾವ ಕಡೆಗೂ ಕೈ ಎತ್ತಲಿಲ್ಲ. ಆದರೆ ಸಭೆ ಮುಗಿದ ಮೇಲೆ ಅತ್ತಿಗೆಯ ಮನೆಯಲ್ಲಿ ಕಾಫಿ ಕುಡಿದನಂತೆ. ಕಂಪನಿ ಕೈಬಿಟ್ಟಿದೆ ಎಂದೇನೂ ನಾನು ಹೇಳಲಾರೆ, ಫೈಲು ಇನ್ನೂ ಎಲ್ಲೋ ಓಡಾಡುತ್ತಿದೆ, ನಾವೂ ಅದರ ಹಿಂದೆ ಓಡಾಡುತ್ತಿದ್ದೇವೆ. ಗುಡ್ಡ ಮಾತ್ರ ಇವತ್ತಿನವರೆಗೆ ಅಲ್ಲೇ ಇದೆ, ದೊಣೆಯಲ್ಲಿ ನೀರೂ ಇದೆ.

ಇಂಗ್ರಿಡ್ ಪ್ರಯಾಣ ನಿಲ್ಲಿಸಿದ್ದಾರೆ. ಒಕ್ಕೂಟದ ಮೀಟಿಂಗಿಗೆ ಮಾತ್ರ ಕಂಪ್ಯೂಟರಿನಲ್ಲಿ ತಪ್ಪದೆ ಬರುತ್ತಾರೆ. ಬೇರೆಯವರೆಲ್ಲ ಹಲೋ ಎನ್ನುವಾಗ ಅವರ ಕಡೆಯಿಂದ "ಬಂದ್ವಿ" ಎಂದು ಕೇಳುತ್ತದೆ. ಒಂಟಿ ಹೆಂಗಸು, ಆದರೂ ಬಂದೆ ಎನ್ನುವುದಿಲ್ಲ. ಈಗ ಚರ್ಚಿನ ಗಂಟೆ ಹೊಡೆದಾಗ ಕಿಟಕಿ ಮುಚ್ಚುತ್ತಿಲ್ಲವಂತೆ. ಹೋದ ತಿಂಗಳು ಈರಕ್ಕನಿಗೆ ಹೇಳಿ ಎಂದು ಹೇಳಿಕಳಿಸಿದ್ದರು.

ನನ್ನದೂ ಒಂದು ಅಭ್ಯಾಸ ಬದಲಾಗಿದೆ. ದಿನವೆಲ್ಲ ಕಚೇರಿ, ಅರ್ಜಿ, ಜಗಳ ಎಂದು ತಿರುಗಿ ಸಂಜೆ ಮನೆಗೆ ಬಂದು ಹೊಸ್ತಿಲಲ್ಲಿ ನಿಂತಾಗ, "ಬಂದ್ವಿ ಕಣಮ್ಮ" ಎಂದು ಬಾಯಿಗೆ ತಾನಾಗಿ ಬರುತ್ತದೆ. ಟೀವಿ ಮುಂದೆ ಕೂತ ಯಜಮಾನರು ತಲೆ ತಿರುಗಿಸದೆ, "ಯಾರಿಗೆ ಹೇಳಿದ್ದು?" ಎಂದು ಕೇಳುತ್ತಾರೆ.

"ನಿಮಗಲ್ಲ, ಮನೆಗೆ" ಎಂದು ಲೈಟು ಹಾಕುತ್ತೇನೆ.